ಪೆಟ್ಟಿಗೆಯೊಳಗಿನ ಬೋರ್ಡಿಂಗ್ ಪಾಸ್

ನನ್ನ ಹೆಂಡತಿಯ ಕೈಗೆ ಕಾಗದ ಸಿಗಬಾರದು. ಮದುವೆಯಾದ ಹೊಸದರಲ್ಲೇ ನಾನು ಕಲಿತ ಪಾಠ ಇದು. ನನ್ನದು ಜೆರಾಕ್ಸ್ ಮತ್ತು ಪ್ರಿಂಟಿಂಗ್ ಅಂಗಡಿ, ಕಾಗದವೇ ನನ್ನ ಹೊಟ್ಟೆಪಾಡು. ಒಂದು ಹಾಳೆಗೆ ಸುಮ್ಮನೆ ಮಡಿಕೆ ಬಿದ್ದರೂ ನನಗೆ ಸಂಕಟವಾಗುತ್ತದೆ. ಅವಳಿಗೆ ಹಾಗಲ್ಲ. ಕರೆಂಟ್ ಬಿಲ್ಲಿರಲಿ, ಔಷಧಿ ಅಂಗಡಿಯ ಚೀಟಿಯಿರಲಿ, ಇಸ್ತ್ರಿ ಅಂಗಡಿಯ ರಸೀದಿಯಿರಲಿ, ಜೇಬಿನಲ್ಲಿ ಸಿಕ್ಕಿತೆಂದರೆ ಅದರ ಬೆನ್ನಿಗೆ ಬರೆಯುತ್ತಾಳೆ, ಬರೆದದ್ದನ್ನು ಕಂಡವರ ಯಂತ್ರದೊಳಗೆ ಅಂಟಿಸಿ ಬರುತ್ತಾಳೆ. ಒಮ್ಮೆ ನನ್ನ ಅಂಗಡಿಯ ಬಾಡಿಗೆ ರಸೀದಿಯೇ ಹೀಗೆ ಯಾವುದೋ ಊರಿನ ಆಸ್ಪತ್ರೆ ಸೇರಿತ್ತು.

ಅವಳದು ಇನ್‌ಕ್ಯುಬೇಟರ್ ರಿಪೇರಿ ಮಾಡುವ ಕೆಲಸ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಬೆಚ್ಚಗೆ ಇಡುತ್ತಾರಲ್ಲ, ಆ ಪಾರದರ್ಶಕ ಪೆಟ್ಟಿಗೆ. ಕಂಪನಿಯವರು ವಿಮಾನ ಹತ್ತಿಸಿ ಎಲ್ಲೆಲ್ಲಿಗೋ ಕಳಿಸುತ್ತಿದ್ದರು. ಸಹೋದ್ಯೋಗಿಗಳು ಅವಳನ್ನು ಪೆಟ್ಟಿಗೆ ಅಕ್ಕ ಎಂದೇ ಕರೆಯುವುದು. ರಿಪೇರಿ ಮುಗಿದ ಮೇಲೆ ಕಂಪನಿಯ ವರದಿ ತುಂಬಿ ಕಳಿಸಿದರೆ ಕೆಲಸ ಮುಗಿಯಿತು, ಉಳಿದವರೆಲ್ಲ ಹಾಗೇ ಮಾಡುತ್ತಾರೆ. ಇವಳ ಪ್ರಕಾರ ವರದಿ ಆಫೀಸಿನಲ್ಲಿ ಇರುತ್ತದೆ, ಯಂತ್ರ ಕೆಡುವುದು ಆಸ್ಪತ್ರೆಯಲ್ಲಿ. ಮುಂದೆ ಅದನ್ನು ಬಿಚ್ಚುವವನು ಕತ್ತಲಲ್ಲಿ ತಡಕಾಡಬಾರದು. ಹಾಗಾಗಿ ಯಾವ ಭಾಗ ಬದಲಾಯಿಸಿದೆ, ಯಾವುದು ಹಳತಾಗಿದೆ, ಯಾವ ತಂತಿ ಸಡಿಲವಾಗುವ ಸ್ವಭಾವದ್ದು ಎಂದು ಕೈಗೆ ಸಿಕ್ಕ ಕಾಗದದಲ್ಲಿ ಬರೆದು, ಹಿಂಬದಿಯ ತಗಡಿನ ಮುಚ್ಚಳದ ಒಳಮೈಗೆ ಅಂಟಿಸಿ ಸ್ಕ್ರೂ ತಿರುಗಿಸುತ್ತಾಳೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಹೊಗಳಿದ್ದೂ ಇಲ್ಲ. ನಾನಂತೂ ಗೇಲಿ ಮಾಡಿದ್ದೇ ಹೆಚ್ಚು.

ಇನ್ನು ನಮ್ಮ ಅತ್ತೆಯ ವಿಷಯ ಹೇಳಬೇಕು, ಯಾಕೆಂದರೆ ಇದೆಲ್ಲ ನಡೆದದ್ದು ಅವರ ಕಿವಿಗಾಗಿ. ಹೆಂಡತಿಯ ತಾಯಿ ನಮ್ಮ ಜೊತೆಯಲ್ಲೇ ಇರುವುದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರವರ ಮಾತನ್ನೆಲ್ಲ ಒಬ್ಬರಿಂದೊಬ್ಬರಿಗೆ ಜೋಡಿಸಿದ ಆ ಕಿವಿಗಳು ಈಗ ಒಂದೊಂದಾಗಿ ಕೈಕೊಟ್ಟಿದ್ದವು. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯಲ್ಲಿ ಚೂರು ಉಳಿದಿತ್ತು. ಬಾಯಿಯನ್ನು ಕಿವಿಗೇ ಹಚ್ಚಿ ನಿಧಾನವಾಗಿ ಹೇಳಿದರೆ ಕೇಳಿಸುತ್ತಿತ್ತು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟೆವು. ಅದರಿಂದ ಗದ್ದಲ ದೊಡ್ಡದಾಯಿತೇ ಹೊರತು ಮಾತು ತಿಳಿಯಾಗಲಿಲ್ಲ. ಈ ಚೂರೂ ಹೆಚ್ಚು ಕಾಲ ಉಳಿಯುವುದಿಲ್ಲ, ಕೆಲವು ತಿಂಗಳಷ್ಟೇ ಎಂದು ಕಿವಿ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು.

ಅತ್ತೆಗೆ ಒಬ್ಬಳೇ ತಂಗಿ, ಸಮುದ್ರದಾಚೆಯ ಊರಿನಲ್ಲಿ. ನನ್ನ ಹೆಂಡತಿಗೆ ಚಿಕ್ಕಮ್ಮ. ಅಕ್ಕತಂಗಿ ಇಬ್ಬರೂ ವರ್ಷಗಟ್ಟಲೆ ಫೋನಿನಲ್ಲೇ ಸಂಸಾರ ಮಾಡಿದವರು. ಯಾವ ಸೊಸೆ ಏನೆಂದಳು, ಯಾವ ಪಾತ್ರೆಗೆ ತಳ ಹಿಡಿಯಿತು, ಎಲ್ಲಾ ವರದಿಯಾಗುತ್ತಿತ್ತು. ಈಗ ಫೋನಿನಲ್ಲಿ ಅತ್ತೆಗೆ ಕೇಳಿಸುತ್ತಿದ್ದದ್ದು ಬರೀ ಗುಂಯ್ ಸದ್ದು. ವಿಡಿಯೋದಲ್ಲಿ ತಂಗಿಯ ಬಾಯಿ ಅಲ್ಲಾಡುವುದನ್ನು ಸ್ವಲ್ಪ ಹೊತ್ತು ನೋಡುತ್ತಿದ್ದರು, ಆಮೇಲೆ ಫೋನನ್ನು ಬೋರಲು ಹಾಕಿ ಎದ್ದುಹೋಗುತ್ತಿದ್ದರು. ಒಂದು ದಿನ ಅವರು ಮಗಳಿಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ನಾನೇಕೆ, ಬೀದಿಯವರೆಲ್ಲ ಕೇಳಿಸಿಕೊಂಡಿರಬೇಕು, ಕಿವಿ ಮಂದವಾದಷ್ಟೂ ಅವರ ದನಿ ಏರಿತ್ತು.

"ಅವಳ ದನಿ ಒಂದ್ಸಲ ಕೇಳಿಬಿಡಬೇಕು ಕಣೇ. ಈ ಕಿವಿ ಮುಚ್ಚೋದರೊಳಗೆ ಪಕ್ಕದಲ್ಲಿ ಕೂತು ಕೇಳಿಬಿಟ್ರೆ ಸಾಕು. ಆಮೇಲೆ ಬೇಕಾದ್ರೆ ಮುಚ್ಚಿಕೊಳ್ಳಲಿ."

ಚಿಕ್ಕಮ್ಮನೇ ಬರುವ ಹಾಗಿರಲಿಲ್ಲ, ಆಗಷ್ಟೇ ಮಂಡಿಯ ಆಪರೇಷನ್ ಆಗಿತ್ತು. ಅತ್ತೆಯೇ ಹೋಗಬೇಕು. ಟಿಕೆಟ್ ತೆಗೆದುಕೊಡುತ್ತೇವೆ ಎಂದರೆ ಅತ್ತೆ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಮಗಳು ಅಳಿಯನ ಮನೆಯಲ್ಲಿ ಉಂಡುಕೊಂಡಿರುವುದೇ ಹೆಚ್ಚಾಯಿತು, ಅದರ ಮೇಲೆ ವಿಮಾನದ ಖರ್ಚೂ ಹಾಕುವಷ್ಟು ಮಾನಗೆಟ್ಟಿಲ್ಲ ಎಂದರು. ಅವರ ಪಿಂಚಣಿ ಅವರ ಔಷಧಿಗೇ ಸರಿಹೋಗುತ್ತಿತ್ತು. ಆಗ ನನ್ನ ಹೆಂಡತಿ ಉಪಾಯ ಮಾಡಿದಳು. ಹತ್ತಿದಾಗಲೆಲ್ಲ ವಿಮಾನ ಕಂಪನಿಯವರು ಅವಳ ಕಾರ್ಡಿಗೆ ಹಾಕಿದ ಪಾಯಿಂಟ್‌ಗಳೆಲ್ಲ ಕೂಡಿದ್ದವು. ಕಂಪನಿ ಕೆಲಸಕ್ಕೆ ಹೋಗಿ ಬರುವ ಇನ್ನೊಂದು ಪ್ರಯಾಣದ ಪಾಯಿಂಟ್ ಸೇರಿದರೆ ಒಂದು ಬಿಟ್ಟಿ ಟಿಕೆಟ್ ಸಿಗುವಷ್ಟಾಗುತ್ತಿತ್ತು. ಬಿಟ್ಟಿ ಎಂದ ಕೂಡಲೇ ಅತ್ತೆಯ ಮುಖ ಅರಳಿತು. ಯಾರ ಗಂಟೂ ಹೋಗುವುದಿಲ್ಲ ತಾನೆ ಎಂದು ನನ್ನನ್ನೇ ಕರೆದು ಖಚಿತಪಡಿಸಿಕೊಂಡು ಒಪ್ಪಿದರು, ಒಪ್ಪಿದ ಸಂಜೆಯೇ ಸೂಟ್‌ಕೇಸ್ ಇಳಿಸಿ ಒರೆಸಿಟ್ಟರು.

ಆ ಪ್ರಯಾಣವೇ ಎಡವಟ್ಟಾದದ್ದು. ದೂರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಪೆಟ್ಟಿಗೆ ಕೆಟ್ಟಿತ್ತು. ಇವಳು ಹೋಗುವ ದಿನ ವಿಮಾನ ರದ್ದಾಯಿತು. ವಿಮಾನ ಕಂಪನಿಯವರೇ ಇವಳನ್ನು ಇನ್ನೊಂದು ಕಂಪನಿಯ ವಿಮಾನಕ್ಕೆ ಹತ್ತಿಸಿ ಕಳಿಸಿದರು. ಕೌಂಟರಿನಲ್ಲಿ ಗಡಿಬಿಡಿಯಲ್ಲಿ ಒಂದು ಕಾಗದದ ಬೋರ್ಡಿಂಗ್ ಪಾಸ್ ಮುದ್ರಿಸಿ ಕೊಟ್ಟರಂತೆ. ಹೋದಳು, ರಿಪೇರಿ ಮಾಡಿದಳು, ವಾಪಸು ಬಂದಳು. ಬರುವ ಪಯಣದ ಪಾಯಿಂಟ್ ಕಾರ್ಡಿಗೆ ಬಂತು, ಹೋದ ಪಯಣದ್ದು ಬರಲಿಲ್ಲ. ಅದರ ಬೆನ್ನಿಗೇ ಕಂಪನಿಯವರು ಅವಳನ್ನು ಹೊಸಬರಿಗೆ ಕಲಿಸಲು ವರ್ಕ್‌ಶಾಪಿನಲ್ಲೇ ಕೂರಿಸಿದರು. ಇನ್ನು ವಿಮಾನದ ಓಡಾಟವೇ ಇಲ್ಲ. ಆ ಒಂದು ಪಯಣದ ಪಾಯಿಂಟ್ ಬಂದರೆ ಟಿಕೆಟ್, ಬರದಿದ್ದರೆ ಇಲ್ಲ.

ಅವಳು ವಿಮಾನ ಕಂಪನಿಯ ಕ್ಲೇಮ್ ವಿಭಾಗಕ್ಕೆ ಫೋನ್ ಮಾಡಿದಳು. ಅಲ್ಲಿದ್ದ ಹುಡುಗಿ ಸಭ್ಯಳು. ನಾವೇ ನಿಮ್ಮನ್ನು ಬೇರೆ ವಿಮಾನಕ್ಕೆ ಹತ್ತಿಸಿದ್ದರಿಂದ ನಮ್ಮ ವಿಮಾನದಲ್ಲೇ ಹೋದ ಹಾಗೆ ಲೆಕ್ಕ ಹಿಡಿದು ಪಾಯಿಂಟ್ ಕೊಡುತ್ತೇವೆ, ಆದರೆ ನೀವು ನಿಜವಾಗಿ ಹತ್ತಿದ್ದೀರಿ ಎನ್ನುವುದಕ್ಕೆ ಆ ಕಂಪನಿಯ ಬೋರ್ಡಿಂಗ್ ಪಾಸಿನ ಚಿತ್ರ ಬೇಕು, ಗಡುವಿನೊಳಗೆ ಕಳಿಸಿ ಎಂದಳು. ಆ ಇನ್ನೊಂದು ಕಂಪನಿಯನ್ನೇ ಕೇಳೋಣವೆಂದರೆ ಅದು ಬಾಗಿಲು ಹಾಕುವ ಹಂತದಲ್ಲಿದ್ದ ಸಣ್ಣ ಕಂಪನಿ. ಫೋನ್ ಮಾಡಿದರೆ ಕಾಯಿರಿ ಎಂದು ಕೊಳಲು ಊದುತ್ತಿತ್ತು, ಊದುತ್ತಲೇ ಇರುತ್ತಿತ್ತು.

ಪಾಸು ಎಲ್ಲಿ? ಚೀಲ ಕೊಡವಿದೆವು, ಕೋಟಿನ ಜೇಬು ತಿರುವಿಹಾಕಿದೆವು, ಕಸದ ಬುಟ್ಟಿಯನ್ನೂ ಬಿಡಲಿಲ್ಲ. ನಾನು ಮಂಚದ ಕೆಳಗೆ ತಲೆ ಹಾಕಿದ್ದಾಗ ಮೇಲಿನಿಂದ ಅವಳ ದನಿ ಬಂತು.

"ಹುಡುಕಬೇಡಿ. ಎಲ್ಲಿದೆ ಅಂತ ಗೊತ್ತಾಯ್ತು."

ನನಗೂ ಗೊತ್ತಾಯಿತು. ಮಂಚದ ಕೆಳಗಿನಿಂದ ಹೊರಗೆ ಬರಲೇ ಮನಸ್ಸಾಗಲಿಲ್ಲ. ಪಾಸಿನ ಬೆನ್ನಿಗೆ ತಂತಿ ಸಡಿಲ, ಫ್ಯಾನು ಹೊಸದು ಎಂದು ಬರೆದು ಪೆಟ್ಟಿಗೆಯೊಳಗೆ ಅಂಟಿಸಿ ಬಂದಿದ್ದಳು ಮಹಾತಾಯಿ.

ಆದರೂ ಇದೇನು ಕಷ್ಟ ಎಂದುಕೊಂಡೆ. ಆಸ್ಪತ್ರೆಗೆ ಒಂದು ಫೋನ್, ನಾಲ್ಕು ಸ್ಕ್ರೂ, ಒಂದು ಫೋಟೋ. ಹೆಂಡತಿ ಅಲ್ಲಿನ ಮಕ್ಕಳ ವಾರ್ಡಿನ ಹಿರಿಯ ಸಿಸ್ಟರ್‌ಗೆ ಫೋನ್ ಹಚ್ಚಿದಳು. ಸಿಸ್ಟರ್ ಎರಡೇ ನಿಮಿಷದ ಕೆಲಸ ತಾನೆ, ಈಗಲೇ ಬಿಚ್ಚಿಸುತ್ತೇನೆ ಎಂದರು, ಮಾತಿನ ನಡುವೆ ಪೆಟ್ಟಿಗೆಯಲ್ಲಿ ಒಂದು ಗಂಡುಮಗುವಿದೆ ಎಂದೂ ಹೇಳಿದರು. ಇವಳ ಮುಖ ಬದಲಾಯಿತು. ಮಗು ಎಷ್ಟು ತೂಕ ಎಂದು ಕೇಳಿದಳು. ಸಿಸ್ಟರ್ ಹೇಳಿದರು. ನಮ್ಮ ಅಂಗಡಿಯ ಒಂದು ಕಟ್ಟು ಕಾಗದ ಅದಕ್ಕಿಂತ ಭಾರ ತೂಗುತ್ತದೆ.

"ಬೇಡ ಸಿಸ್ಟರ್, ಮುಟ್ಟಬೇಡಿ. ಮುಚ್ಚಳ ತೆಗೆದರೆ ಶಾಖ ಇಳಿಯುತ್ತೆ, ಮತ್ತೆ ಏರಿ ಒಂದೇ ಸಮ ನಿಲ್ಲೋಕೆ ಹೊತ್ತು ಹಿಡಿಯುತ್ತೆ. ಅವನು ಮನೆಗೆ ಹೋಗಲಿ. ಆಮೇಲೆ ನೋಡೋಣ."

ಮಗುವನ್ನು ಇನ್ನೊಂದು ಪೆಟ್ಟಿಗೆಗೆ ಹಾಕಬಹುದಲ್ಲ ಎಂದು ನಾನು ಪಕ್ಕದಿಂದ ಸನ್ನೆ ಮಾಡಿದೆ. ಆ ಆಸ್ಪತ್ರೆಯಲ್ಲಿ ಇದ್ದದ್ದೇ ಎರಡು, ಎರಡರಲ್ಲೂ ಮಕ್ಕಳಿದ್ದರು. ಅವಳು ನನ್ನ ಕಡೆ ನೋಡಲೂ ಇಲ್ಲ. ಪೆಟ್ಟಿಗೆ ಖಾಲಿಯಾದ ದಿನ ಪಾಸಿನ ಫೋಟೋವನ್ನು ನೇರವಾಗಿ ವಿಮಾನ ಕಂಪನಿಗೇ ಕಳಿಸಿಬಿಡಿ ಎಂದು ಕ್ಲೇಮಿನ ಸಂಖ್ಯೆ, ವಿಳಾಸ ಎಲ್ಲ ಸಿಸ್ಟರ್‌ಗೆ ಬರೆಸಿ ಫೋನ್ ಇಟ್ಟಳು.

ನನಗೆ ಪಿತ್ತ ನೆತ್ತಿಗೇರಿತು. ಅಂಗಡಿಗೆ ಹೋದವನು ಸುಮ್ಮನಿರಲಾರದೆ ಕಂಪ್ಯೂಟರ್ ಮುಂದೆ ಕೂತೆ. ಬೋರ್ಡಿಂಗ್ ಪಾಸ್ ಎಂದರೆ ಏನು ಮಹಾ? ವಿಮಾನದ ಸಂಖ್ಯೆ ಗೊತ್ತು, ದಿನ ಗೊತ್ತು, ಸೀಟು ಕಿಟಕಿಯ ಪಕ್ಕದ್ದೆಂದು ಅವಳಿಗೆ ನೆನಪಿತ್ತು. ಅವಳು ಆ ವಿಮಾನದಲ್ಲಿ ಹೋದದ್ದೂ ಸತ್ಯ. ಸತ್ಯವನ್ನೇ ಇನ್ನೊಂದು ಸಲ ಮುದ್ರಿಸಿದರೆ ತಪ್ಪೇನು? ಇಂಥ ಕೆಲಸದಲ್ಲಿ ನನ್ನದು ಎತ್ತಿದ ಕೈ. ಊಟಕ್ಕೆ ಹೋದಾಗ ಈ ಮಾತು ತೆಗೆದೆ. ಬೈಯುತ್ತಾಳೆಂದು ಸಿದ್ಧನಾಗಿದ್ದೆ. ಅವಳು ಬೈಯಲಿಲ್ಲ, ನನ್ನ ತಟ್ಟೆಗೆ ಸಾರು ಬಡಿಸುತ್ತಲೇ ಹೇಳಿದಳು.

"ನೀವು ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ, ಅದು ನಿಜ. ಆದ್ರೆ ನಾನು ಬರೆದಿಟ್ಟ ಚೀಟಿ ನೋಡಿ ಯಾರೋ ಒಬ್ಬ ತಂತಿಗೆ ಕೈ ಹಾಕ್ತಾನೆ ಕಣ್ರೀ. ಅಕ್ಕ ಬರೆದಿದ್ದಾಳೆ ಅಂದ್ರೆ ಸರಿಯಾಗಿರುತ್ತೆ ಅಂತ. ನನ್ನ ಹೆಸರಲ್ಲಿ ಒಂದು ಸುಳ್ಳು ಕಾಗದ ಇದ್ರೆ, ಬರೆಯುವಾಗ ನನಗೇ ಕೈ ನಡುಗುತ್ತೆ."

ನಾನು ಅನ್ನ ಕಲಸಿಕೊಂಡೆ. ಸತ್ಯ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಅವಳ ಮೇಲೆ ಸಿಟ್ಟೂ ಇತ್ತು, ಹೆಮ್ಮೆಯೂ ಇತ್ತು.

ಅತ್ತೆಗೆ ವಿಷಯ ಹೇಳುವುದು ಯಾರು? ಇಬ್ಬರೂ ಹಿಂದೆ ಮುಂದೆ ನೋಡಿದೆವು. ಕೊನೆಗೆ ಮಗಳೇ ಬಲಗಿವಿಗೆ ಬಾಯಿ ಹಚ್ಚಿ ಎಲ್ಲವನ್ನೂ ಹೇಳಿದಳು. ಸೂಟ್‌ಕೇಸ್ ಪಕ್ಕದಲ್ಲೇ ಇತ್ತು. ಅತ್ತೆ ಕೇಳಿಸಿಕೊಂಡು, ಮೂಗು ಮುರಿದು, ಆಪರೇಟರ್ ಗತ್ತಿನಲ್ಲಿ ತೀರ್ಪು ಕೊಟ್ಟರು.

"ಲೈನ್ ಎಂಗೇಜ್ ಇದ್ರೆ ಕಾಯಬೇಕು. ಮಾತಾಡ್ತಿರೋರ ಮಧ್ಯೆ ತಂತಿ ಕೀಳೋದು ನಮ್ಮ ಕೆಲಸದಲ್ಲೂ ಇರಲಿಲ್ಲ."

ಅಂದಿನಿಂದ ಆ ಮಗುವಿಗೆ ನಮ್ಮ ಮನೆಯಲ್ಲಿ ಬಾಡಿಗೆದಾರ ಎಂದು ಹೆಸರಾಯಿತು. ಹೆಸರಿಟ್ಟವರು ಅತ್ತೆಯೇ. ಬೆಳಗ್ಗೆ ಕಾಫಿ ಲೋಟ ಹಿಡಿದು ಮೊದಲ ಪ್ರಶ್ನೆ ಅದೇ, ಬಾಡಿಗೆದಾರರು ಎಷ್ಟು ತೂಗಿದರು? ಸಿಸ್ಟರ್ ಮೊದಮೊದಲು ಕೇಳಿದಾಗ ಹೇಳುತ್ತಿದ್ದರು, ಆಮೇಲೆ ತಾವೇ ಮೆಸೇಜ್ ಹಾಕತೊಡಗಿದರು. ಇಂದು ಹಾಲು ಕುಡಿದ, ಇಂದು ಕುಡಿಯಲಿಲ್ಲ, ಇಂದು ಅವನ ಅಮ್ಮ ಎದೆಗೆ ಹಚ್ಚಿಕೊಂಡು ಕೂತಿದ್ದಳು. ತೂಕ ಏರಿದ ದಿನ ಅತ್ತೆ ಬೀದಿಗೆ ಕೇಳಿಸುವಂತೆ ಅದನ್ನು ಸಾರುತ್ತಿದ್ದರು. ಮೂಲೆಯ ಹಾಲಿನ ಅಂಗಡಿಯವನು ನನ್ನನ್ನು ನಿಲ್ಲಿಸಿ, ನಿಮ್ಮ ಮನೆ ಬಾಡಿಗೆದಾರರು ಚೇತರಿಸಿಕೊಂಡರಂತೆ, ಯಾವ ಕಾಯಿಲೆ ಎಂದು ವಿಚಾರಿಸಿದ. ಚಿಕ್ಕ ವಯಸ್ಸಿನವರೇ ಅಂತಲೂ ಕೇಳಿದ. ತೀರಾ ಚಿಕ್ಕ ವಯಸ್ಸು ಎಂದೆ.

ಇತ್ತ ಕ್ಲೇಮಿನ ಹುಡುಗಿಗೆ ಇವಳು ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪಾಸು ಇದೆ, ಕಳೆದಿಲ್ಲ, ಒಂದು ಮಗು ಬೆಚ್ಚಗೆ ಮಲಗಿರುವ ಪೆಟ್ಟಿಗೆಯ ಒಳಗಿದೆ, ಮಗು ಮನೆಗೆ ಹೋದ ದಿನ ಕಳಿಸುತ್ತೇನೆ. ಆ ಕಡೆಯ ಹುಡುಗಿ ಇದನ್ನೇ ಇನ್ನೊಮ್ಮೆ ಹೇಳಿಸಿಕೊಂಡು ಬರೆದುಕೊಂಡಳಂತೆ. ಇಂಥ ಕಾರಣಕ್ಕೆ ತಮ್ಮಲ್ಲಿ ನಿಯಮವಿಲ್ಲ, ಆದರೆ ಗಡುವಿನವರೆಗೆ ಕ್ಲೇಮನ್ನು ತೆರೆದಿಡಬಹುದು ಎಂದಳಂತೆ. ಮುಂದಿನ ಸಲ ಫೋನ್ ಮಾಡಿದಾಗ ಅವಳೂ ಮೊದಲು ಕೇಳಿದ್ದು ಮಗುವಿನ ತೂಕ.

ಇಷ್ಟರ ನಡುವೆ ಅತ್ತೆಯ ಕಿವಿ ಕಾಯಲಿಲ್ಲ. ಮೊದಲು ಒಂದು ಸಲ ಹೇಳಿದರೆ ಸಾಕಿತ್ತು, ಈಗ ಎರಡು ಮೂರು ಸಲ ಹೇಳಬೇಕಾಗುತ್ತಿತ್ತು. ಮಗಳು ಪ್ರತಿ ರಾತ್ರಿ ಊಟವಾದ ಮೇಲೆ ಬಲಗಿವಿಯ ಹತ್ತಿರ ಕೂತು ಒಂದಿಷ್ಟು ಮಾತಾಡುತ್ತಿದ್ದಳು. ಮಾತಿಗಾಗಿ ಅಲ್ಲ, ಎಷ್ಟು ಉಳಿದಿದೆ ಎಂದು ನೋಡಲು. ಎದ್ದು ಬರುವಾಗ ಅವಳ ಮುಖ ನೋಡಿದರೆ ಸಾಕು, ನನಗೆ ತಿಳಿಯುತ್ತಿತ್ತು. ಆದರೂ ಒಂದು ದಿನವಾದರೂ ಸಿಸ್ಟರ್‌ಗೆ ಬೇಗ ಮಾಡಿ ಎಂದವಳಲ್ಲ. ನಾನಾಗಿದ್ದರೆ ದಿನಕ್ಕೆ ನಾಲ್ಕು ಸಲ ತಲೆ ತಿನ್ನುತ್ತಿದ್ದೆ.

ಗಡುವಿಗೆ ಎರಡು ದಿನ ಉಳಿದಿತ್ತು. ಬೆಳಗ್ಗೆ ಸಿಸ್ಟರ್ ಕಡೆಯಿಂದ ಸುದ್ದಿ ಬಂತು, ಬಾಡಿಗೆದಾರರು ಇವತ್ತು ಖಾಲಿ ಮಾಡುತ್ತಿದ್ದಾರೆ. ಮನೆಯಲ್ಲಿ ಹಬ್ಬವೇ ಆಯಿತು. ಅತ್ತೆ ಸೂಟ್‌ಕೇಸಿಗೆ ಸೀರೆ ಮಡಿಸಿ ಇಡತೊಡಗಿದರು. ನಾನು ಅಂಗಡಿಗೂ ಹೋಗದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಫೋನ್ ಮುಂದೆ ಕೂತೆ. ಮಧ್ಯಾಹ್ನ ಫೋನ್ ಬಂತು. ಹೆಂಡತಿ ಎತ್ತಿದಳು, ಹೂಂ ಎಂದಳು, ಮತ್ತೆ ಹೂಂ ಎಂದಳು, ಸೋಫಾದ ತುದಿಯಲ್ಲಿ ಮೆಲ್ಲನೆ ಕೂತಳು.

ಆದದ್ದಿಷ್ಟು. ಮಗು ಮನೆಗೆ ಹೋಯಿತು. ಸಿಸ್ಟರ್ ಸ್ಕ್ರೂಡ್ರೈವರ್ ತರಿಸಿ ಕೈಯಲ್ಲಿ ಹಿಡಿದಿದ್ದರು. ಅಷ್ಟರಲ್ಲಿ ಆಂಬುಲೆನ್ಸಿನಲ್ಲಿ ಇನ್ನೊಂದು ಮಗು ಬಂತು, ಮೊದಲಿನದಕ್ಕಿಂತಲೂ ಚಿಕ್ಕದು, ಹೆಣ್ಣು. ಪೆಟ್ಟಿಗೆಯ ಶಾಖ ಇನ್ನೂ ಆರಿರಲಿಲ್ಲ. ಸಿಕ್ಕಿದ ಸ್ವಲ್ಪ ಸಮಯದಲ್ಲಿ ಸಿಸ್ಟರ್ ಸ್ಕ್ರೂಡ್ರೈವರ್ ಕೆಳಗಿಟ್ಟು ಪೆಟ್ಟಿಗೆಯನ್ನು ಒರೆಸಿ ಶುಚಿಮಾಡಿ ಮಗುವನ್ನು ಮಲಗಿಸಿದರು. ಮುಚ್ಚಳ ಬಿಚ್ಚಲಿಲ್ಲ. ಫೋನಿನಲ್ಲಿ ಅವರು ಅಳುವುದೊಂದು ಬಾಕಿ, ನಿಮ್ಮ ತಾಯಿಗೆ ಅನ್ಯಾಯ ಮಾಡಿಬಿಟ್ಟೆ ಎನ್ನುತ್ತಿದ್ದರು.

"ಇಲ್ಲ ಸಿಸ್ಟರ್, ನೀವು ಸರಿಯಾಗೇ ಮಾಡಿದ್ರಿ," ಎಂದಳು ನನ್ನ ಹೆಂಡತಿ. "ನಾನಿದ್ದಿದ್ರೂ ಅದನ್ನೇ ಮಾಡ್ತಿದ್ದೆ. ಪೆಟ್ಟಿಗೆ ಇರೋದೇ ಅದಕ್ಕಲ್ವಾ."

ಫೋನ್ ಇಟ್ಟು ಅಡುಗೆಮನೆಗೆ ಹೋದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುವ ಸದ್ದು ಕೇಳಿತು. ನಾನು ಹಿಂದೆ ಹೋದೆ. ಬೈಯಬೇಕೆಂದೇ ಹೋದದ್ದು, ಊರ ಮಕ್ಕಳೆಲ್ಲ ನಿನ್ನವೇ, ಹೆತ್ತವಳ ಕಿವಿಯೊಂದು ನಿನ್ನದಲ್ಲ ಎಂದು ಬಾಯಲ್ಲಿ ಸಿದ್ಧವಾಗಿತ್ತು. ನಲ್ಲಿಯ ಕೆಳಗೆ ಕೈಯಿಟ್ಟುಕೊಂಡು ಅವಳು ಅಳುತ್ತಿದ್ದಳು. ಸದ್ದಿಲ್ಲದ ಅಳು. ಪಕ್ಕದ ಕೋಣೆಯಲ್ಲಿದ್ದ ತಾಯಿಗೆ ಹೇಗೂ ಕೇಳಿಸುವುದಿಲ್ಲ, ಆದರೂ ಸದ್ದು ಮಾಡದೆ ಅಳುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಅವಳು ತೊಳೆದಿಟ್ಟ ಪಾತ್ರೆಗಳನ್ನು ಒರೆಸತೊಡಗಿದೆ. ಇಂಥವಳ ಜೊತೆ ಇಷ್ಟು ವರ್ಷ ಸಂಸಾರ ಮಾಡಿ, ನಾನು ಇವಳ ಕಾಗದದ ಹುಚ್ಚನ್ನಷ್ಟೇ ನೋಡಿದ್ದೆನಲ್ಲ ಅನ್ನಿಸಿತು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಅರ್ಧ ಮಡಿಸಿದ ಸೀರೆ. ಕಿವಿ ಹೋದವರಿಗೆ ಕಣ್ಣು ಚುರುಕಾಗಿರುತ್ತದೆ. ಏನಾಯಿತೆಂದು ನನ್ನನ್ನು ಕೇಳಿದರು. ನಾನು ಬಲಗಿವಿಗೆ ಬಾಯಿ ಹಚ್ಚಿ, ಮೂರು ಮೂರು ಸಲ ಹೇಳಿ ಹೇಳಿ ಅರ್ಥ ಮಾಡಿಸಿದೆ. ಇನ್ನೊಂದು ಮಗು ಬಂತು. ಇನ್ನೂ ಚಿಕ್ಕದು. ಬಿಚ್ಚಲಿಲ್ಲ. ಅವರು ಸೀರೆಯನ್ನು ಪೂರ್ತಿ ಮಡಿಸಿದರು. ಆಮೇಲೆ ಮಗಳ ಬಳಿ ಹೋಗಿ ನಲ್ಲಿ ನಿಲ್ಲಿಸಿ, ಅವಳ ಒದ್ದೆ ಕೈಗಳನ್ನು ತಮ್ಮ ಸೆರಗಿನಲ್ಲಿ ಒರೆಸಿದರು.

"ಟಿಕೆಟ್ ತೆಗಿ. ನಿನ್ನ ದುಡ್ಡಲ್ಲೇ ತೆಗಿ."

ಮಗಳು ತಲೆ ಎತ್ತಿ ನೋಡಿದಳು.

"ಮಗಳ ಹತ್ರ ಕೈ ಚಾಚಬಾರದು ಅಂತ ಬಿಗಿಯಾಗಿದ್ದೆ. ಮುಖ ಗೊತ್ತಿಲ್ಲದ ಮಗುಗೆ ನನ್ನ ಪಾಲಿನದನ್ನೂ ಎತ್ತಿ ಕೊಟ್ಟೋಳು ನೀನು. ನಿನ್ನ ಹತ್ರ ಇಸ್ಕೊಳ್ಳೋಕೆ ನನಗೆಂಥ ನಾಚಿಕೆ? ಕೊಡು, ಇಸ್ಕೋತೀನಿ."

ಇದನ್ನೂ ಅವರು ಬೀದಿಗೆಲ್ಲ ಕೇಳಿಸುವಂತೆಯೇ ಹೇಳಿದರು. ಕೇಳಲಿ, ಎಲ್ಲರೂ ಕೇಳಲಿ ಎಂದುಕೊಂಡೆ ನಾನು. ಅಂಗಡಿಗೆ ಹೊಸ ಕಲರ್ ಪ್ರಿಂಟರ್ ತರಲು ಕೂಡಿಟ್ಟದ್ದಿತ್ತು. ಹಳೆಯದು ಗೊರಗೊರ ಎಂದರೂ ಓಡುತ್ತಿತ್ತು, ಇನ್ನಷ್ಟು ದಿನ ಓಡಲಿ ಎಂದು ಆ ಸಂಜೆಯೇ ಟಿಕೆಟ್ ತೆಗೆದೆ. ಅಳಿಯಂದಿರ ಮೇಲೆ ನಾನೆಂದೂ ಇಷ್ಟು ಭಾರ ಹಾಕಿರಲಿಲ್ಲ ಎಂದು ಅತ್ತೆ ರೇಗಿಸಿದರು. ವಿಮಾನದವರು ತೂಕ ನೋಡಿಯೇ ಹತ್ತಿಸುತ್ತಾರೆ, ನೀವು ಹೆದರಬೇಡಿ ಎಂದು ನಾನು ಕಿವಿಯಲ್ಲಿ ಹೇಳಿದೆ. ಮೊದಲ ಸಲಕ್ಕೇ ಅರ್ಥವಾಗಿ ಬೆನ್ನಿಗೊಂದು ಗುದ್ದಿದರು.

ಗಡುವಿನ ದಿನ ಹೆಂಡತಿ ಕ್ಲೇಮಿನ ಹುಡುಗಿಗೆ ಫೋನ್ ಮಾಡಿದಳು. ಪಾಸು ಕೊಡಲು ಆಗಲಿಲ್ಲ, ಇನ್ನೊಂದು ಮಗು ಬಂದಿದೆ, ಇಷ್ಟು ದಿನ ಕಾದಿದ್ದಕ್ಕೆ ಉಪಕಾರವಾಯಿತು, ನನ್ನ ಕ್ಲೇಮ್ ಮುಚ್ಚಿಬಿಡಿ ಎಂದಳು. ಇಷ್ಟು ಹೇಳುವುದಕ್ಕೆ ಫೋನ್ ಮಾಡುವವರು ಲೋಕದಲ್ಲಿ ಇನ್ನಾರಾದರೂ ಇದ್ದಾರೆಯೇ? ಆ ಹುಡುಗಿ ಮುಚ್ಚಲಿಲ್ಲ. ಹಿಂದಿನ ದಿನವೇ ಆಸ್ಪತ್ರೆಯಿಂದ ತನಗೊಂದು ಪತ್ರ ಬಂದಿದೆ ಎಂದಳು. ಸಿಸ್ಟರ್ ನಮಗೆ ಒಂದು ಮಾತೂ ಹೇಳದೆ ಆಸ್ಪತ್ರೆಯ ಮುದ್ರೆ ಹಾಕಿಸಿ ಬರೆದಿದ್ದರು. ಈ ಮೇಡಂ ಇಂಥ ದಿನ ನಮ್ಮಲ್ಲಿಗೆ ಬಂದದ್ದು ನಿಜ, ಅವರ ಬೋರ್ಡಿಂಗ್ ಪಾಸ್ ನಮ್ಮ ಪೆಟ್ಟಿಗೆಯೊಳಗಿದೆ, ಅದರಲ್ಲಿ ಈಗ ಮಗುವಿದೆ, ಮಗುವಿರುವಾಗ ನಾವು ಅದನ್ನು ಬಿಚ್ಚುವುದಿಲ್ಲ, ಅವರೂ ಬಿಚ್ಚಲು ಬಿಡುವುದಿಲ್ಲ. ಹುಡುಗಿ ಆ ಪತ್ರವನ್ನು ತನ್ನ ಮೇಲಧಿಕಾರಿಗೆ ಕೊಟ್ಟಿದ್ದಳು. ಅವರು ವಿಚಾರಿಸಿ ಹೇಳುತ್ತೇವೆ ಎಂದಿದ್ದರು. ಅಂಥ ಮಾತನ್ನು ನಾನು ಬಹಳ ಕೇಳಿದ್ದೇನೆ. ಅದನ್ನು ಅಲ್ಲಿಗೇ ಮರೆತೆ.

ಅತ್ತೆ ಹೊರಟರು. ಅಲ್ಲಿಗೆ ತಲುಪಿದ ದಿನ ಚಿಕ್ಕಮ್ಮ ಫೋನ್ ಮಾಡಿ, ಬಂದಳು, ಕೇಳಿಸುತ್ತಿದೆ, ಇಬ್ಬರೂ ಇನ್ನೂ ಮಲಗಿಲ್ಲ ಎಂದಷ್ಟೇ ಹೇಳಿದರು. ನನ್ನ ಹೆಂಡತಿ ಆ ಒಂದು ಮಾತನ್ನು, ಕೇಳಿಸುತ್ತಿದೆ ಎಂಬುದನ್ನು, ನನಗೆ ಎಷ್ಟು ಸಲ ಹೇಳಿದಳೋ.

ಕೆಲವು ವಾರಗಳ ಮೇಲೆ ಅವಳ ಫೋನ್ ಟಿಂಗ್ ಎಂದಿತು. ಕಾರ್ಡಿಗೆ ಪಾಯಿಂಟ್ ಬಂದಿತ್ತು. ಕೆಳಗೆ ಒಂದು ಸಾಲು, ಪ್ರಯಾಣ ಮಾಡಿದ್ದು ಸಾಬೀತಾಗಿದೆ. ನಾವಿಬ್ಬರೂ ಪೆಚ್ಚಾಗಿ ಕೂತೆವು. ಬಿಟ್ಟಿ ಟಿಕೆಟ್ ಬಂತು, ಹೋಗಬೇಕಾದವರು ಆಗಲೇ ಹೋಗಿದ್ದರು. ದುಡ್ಡು ದಂಡವಾಯಿತು ಎಂದು ನಾನು ಬಾಯಿಬಿಡುವಷ್ಟರಲ್ಲಿ ಹೆಂಡತಿ ಚಿಕ್ಕಮ್ಮನಿಗೆ ಫೋನ್ ಹಚ್ಚಿ, ಮಂಡಿ ಹೇಗಿದೆ, ಕೋಲು ಹಿಡಿದು ನಡೀತೀರಾ, ಡಾಕ್ಟರು ವಿಮಾನ ಹತ್ತಲು ಬಿಡುತ್ತಾರಾ ಎಂದು ವಿಚಾರಿಸುತ್ತಿದ್ದಳು. ಅತ್ತೆ ವಾಪಸು ಬರುವ ದಿನಕ್ಕೇ, ಅದೇ ವಿಮಾನಕ್ಕೇ ಸೀಟು ಸಿಕ್ಕಿತು.

ವಿಮಾನ ನಿಲ್ದಾಣದ ಗಾಜಿನ ಬಾಗಿಲು ತೆರೆಯಿತು, ಅಕ್ಕತಂಗಿ ಜೋಡಿಯಾಗಿ ಹೊರಬಂದರು. ಚಿಕ್ಕಮ್ಮ ಕೋಲೂರಿಕೊಂಡು ಅಕ್ಕನ ಬಲಗಡೆ. ಅಕ್ಕನ ಕಿವಿಗೆ ಬಾಯಿ ಹಚ್ಚಿ ಎಡೆಬಿಡದೆ ಏನೋ ಹೇಳುತ್ತಿದ್ದಾರೆ, ಅತ್ತೆ ಹೌದು ಹೌದೆಂದು ತಲೆಯಾಡಿಸುತ್ತಿದ್ದಾರೆ. ನೋಡಿ ನನಗೇ ಕಣ್ಣು ತುಂಬಿತು. ಹೆಂಡತಿ ಓಡಿಹೋಗಿ ತಾಯಿಯ ಬಲಗಿವಿಯಲ್ಲಿ ಅಮ್ಮಾ ಎಂದಳು. ಇನ್ನೊಂದು ಸಲ ಎಂದಳು. ಅತ್ತೆ ಟ್ರಾಲಿಯ ಮೇಲಿನ ಸೂಟ್‌ಕೇಸನ್ನು ನೇರ ಮಾಡುತ್ತಲೇ ಇದ್ದರು.

"ಕಿವಿ ಹೋಗಿ ವಾರವಾಯ್ತು," ಎಂದರು ಚಿಕ್ಕಮ್ಮ. "ನಿನಗೆ ಹೇಳಬೇಡ ಅಂದಿದ್ಲು. ಬೇಕಾದ್ದೆಲ್ಲ ಕೇಳಿಸಿಕೊಂಡಾಯ್ತಂತೆ. ಚಿಕ್ಕೋರಿದ್ದಾಗಿಂದ ಹಿಡಿದು ಎಲ್ಲಾ ಮಾತಾಡಿ ಮುಗಿಸಿದ್ವಿ. ಆದ್ರೂ ನೀನು ಮಾತಾಡ್ತಾ ಇರು ಅಂತಾಳೆ. ಉಸಿರು ಕಿವಿಗೆ ತಾಕುತ್ತಂತೆ, ಅಷ್ಟು ಸಾಕಂತೆ."

ಹೆಂಡತಿ ತಿರುಗಿ ನನ್ನ ಮುಖ ನೋಡಿದಳು. ಇನ್ನೊಂದು ಮಗು ಮನೆಗೆ ಹೋಗಲಿ, ಪಾಸು ಬರಲಿ, ಪಾಯಿಂಟ್ ಬರಲಿ ಎಂದು ಕಾದಿದ್ದರೆ ಏನಾಗುತ್ತಿತ್ತು ಎನ್ನುವುದು ನಮಗಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಅಷ್ಟರಲ್ಲಿ ಅತ್ತೆ ಮಗಳನ್ನು ನೋಡಿದರು, ಕೆನ್ನೆ ಸವರಿದರು, ಇಡೀ ನಿಲ್ದಾಣ ತಿರುಗಿ ನೋಡುವ ದನಿಯಲ್ಲಿ ಕೇಳಿದರು.

"ನಮ್ಮ ಹೊಸ ಬಾಡಿಗೆದಾರಳು ಹೇಗಿದ್ದಾಳೆ?"

ಕಿವಿಯಲ್ಲಿ ಹೇಳುವ ಹಾಗಿರಲಿಲ್ಲ. ಹೆಂಡತಿ ಚೀಲದಲ್ಲಿ ಪೆನ್ನು ಹುಡುಕಿದಳು. ಕಾಗದವಿರಲಿಲ್ಲ. ಚಿಕ್ಕಮ್ಮನ ಕೈಯಲ್ಲಿದ್ದ ಬೋರ್ಡಿಂಗ್ ಪಾಸನ್ನು ಸರಕ್ಕನೆ ತೆಗೆದುಕೊಂಡು, ಟ್ರಾಲಿಯ ಹಿಡಿಕೆಯ ಮೇಲೆ ಒತ್ತಿ ಹಿಡಿದು ಅದರ ಬೆನ್ನಿಗೆ ಬರೆಯತೊಡಗಿದಳು. ಅಯ್ಯೋ, ಅದು ಬೇಕಾದೀತು ಎನ್ನಲು ಬಾಯಿ ತೆರೆದೆ. ತೆರೆದ ಬಾಯಿ ಮುಚ್ಚಿಕೊಂಡು ಟ್ರಾಲಿ ಅಲ್ಲಾಡದಂತೆ ಗಟ್ಟಿಯಾಗಿ ಹಿಡಿದುಕೊಂಡೆ.

ಅತ್ತೆ ಪಾಸನ್ನು ಬೆಳಕಿಗೆ ಹಿಡಿದು ಓದಿದರು. ಹಾಲು ಕುಡೀತಿದ್ದಾಳೆ, ನಾಳೆ ಮನೆಗೆ ಹೋಗ್ತಾಳೆ ಎಂದಿತ್ತು. ಓದಿ, ಎರಡಾಗಿ ಮಡಿಸಿ, ಕುಪ್ಪಸದೊಳಗೆ ಇಟ್ಟುಕೊಂಡರು.